ಮೈಕಿನಲ್ಲಿ ಹೇಳಿದ ಮಾತು

ಚಾಮರಾಜಪೇಟೆಯ ಅರ್ಧದಷ್ಟು ಹೆಂಗಸರ ಮೈ ಅಳತೆ ಲೂರ್ದಮ್ಮನಿಗೆ ಬಾಯಿಪಾಠ. ಬಾಣಂತನದ ಮೇಲೆ ಯಾರು ದಪ್ಪಗಾದರು, ಮಗಳ ಮದುವೆಯ ಚಿಂತೆಯಲ್ಲಿ ಯಾರು ಇಳಿದುಹೋದರು, ಇಳಿಯದಿದ್ದರೂ ಇಳಿದಿದ್ದೇನೆಂದು ಯಾರು ಹೇಳಿಕೊಂಡು ತಿರುಗುತ್ತಾರೆ, ಎಲ್ಲವೂ ಅವಳ ಟೇಪಿಗೆ ಗೊತ್ತು. ಎನ್.ಆರ್. ಕಾಲೋನಿಯ ರಂಗನಾಯಕಮ್ಮನವರು ತಮ್ಮ ಮನೆಯ ಸುತ್ತ ಹತ್ತು ಟೈಲರುಗಳಿದ್ದರೂ ರವಿಕೆಗೆ ಮಾತ್ರ ಆಟೋ ಮಾಡಿಕೊಂಡು ಉಮಾ ಟಾಕೀಸಿನ ಹಿಂದಿನ ಈ ಸಣ್ಣ ಅಂಗಡಿಗೇ ಬರುತ್ತಿದ್ದರು. "ಲೂರ್ದಮ್ಮ ಹೊಲಿದ್ರೆ ಕಂಕುಳಲ್ಲಿ ಹಿಡಿಯಲ್ಲ ಕಣ್ರೀ" ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು. ಇಂಥ ಕೈಗೆ ಒಡಹುಟ್ಟಿದವಳ ಮೈ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು.

ಒಡಹುಟ್ಟಿದವಳು ಎಂದರೆ ತಂಗಿ ಮದಲೇನಮ್ಮ. ಅಪ್ಪ ಚೌರಪ್ಪ ಹಾರೋಬೆಲೆಯ ಕಡೆಯಿಂದ ಬಂದು ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಕೆಲಸ ಮಾಡಿಕೊಂಡಿದ್ದವನು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಮದಲೇನಮ್ಮ ಇನ್ನೂ ಲಂಗ ಉಡುವ ಹುಡುಗಿ. ಲೂರ್ದಮ್ಮನೇ ಅವಳನ್ನು ಸಾಕಿದಳು. ಲೂರ್ದಮ್ಮನ ಗಂಡನೂ ಬೇಗ ತೀರಿಕೊಂಡ, ಮಕ್ಕಳಾಗಿರಲಿಲ್ಲ. ತಂಗಿಗೆ ಗಂಡುಗಳು ಬಂದವು. ಅಕ್ಕ ಒಂಟಿಯಾಗುತ್ತಾಳೆಂದು ಅವಳು ಒಂದೊಂದಕ್ಕೂ ಒಂದೊಂದು ನೆಪ ಹೇಳಿ ಸಾಗಹಾಕಿದಳು. ಆಮೇಲೆ ಗಂಡುಗಳು ಬರುವುದು ನಿಂತಿತು. ಅಕ್ಕ ಕತ್ತರಿಸಿ ಮಿಷನ್ನಿನಲ್ಲಿ ಹೊಲಿಯುವುದು, ತಂಗಿ ಮಿಷನ್ನಿನ ಹಿಂದೆ ಚಾಪೆಯ ಮೇಲೆ ಕೂತು ಹುಕ್ಕು, ಕಾಜ, ಹೆಮ್ಮಿಂಗು, ಸೀರೆಯ ಫಾಲ್ಸು ಮಾಡುವುದು. ಮಾತೆಲ್ಲ ಅಕ್ಕನದು. ಅಕ್ಕ ಒಂದು ಮಾತು ಹೇಳಿದಳೆಂದರೆ ತಂಗಿಗೆ ಅದೇ ಕೊನೆ.

ಗಂಡ ಹೋದ ವರ್ಷ ಲೂರ್ದಮ್ಮ ಚರ್ಚಿನ ಪ್ರಾರ್ಥನಾಕೂಟಕ್ಕೆ ಸೇರಿದಳು. ಮೊದಲು ಹೋಗಿದ್ದು ಅಳುವುದಕ್ಕೆ ಒಂದು ಜಾಗ ಸಿಗಲಿ ಎಂದು. ಚರ್ಚಿನ ಭಾನುವಾರದ ಪೂಜೆಯಲ್ಲಿ ಅತ್ತರೆ ಪಕ್ಕದವರು ತಿರುಗಿ ನೋಡುತ್ತಾರೆ, ಕೂಟದಲ್ಲಿ ಅತ್ತರೆ ಪಕ್ಕದವರೂ ಅಳುತ್ತಾರೆ. ಅಲ್ಲಿ ಕೈ ಎತ್ತಿ ಹಾಡಬಹುದು, ಚಪ್ಪಾಳೆ ತಟ್ಟಬಹುದು, ಮೈಮರೆತು ಅರ್ಥವಿಲ್ಲದ ಭಾಷೆಯಲ್ಲಿ ಸ್ತುತಿಸಬಹುದು. ಯಾರೂ ಏನೂ ಅನ್ನುವುದಿಲ್ಲ. ರವಿಕೆ ಹೊಲಿಯುವವಳನ್ನು 'ಸಿಸ್ಟರ್' ಎಂದು ಮರ್ಯಾದೆಯಿಂದ ಕರೆದವರು ಅವರೇ ಮೊದಲು. ಅಂಥ ಕಡೆ ಮನಸ್ಸು ನಾಟದೆ ಇನ್ನೆಲ್ಲಿ ನಾಟುತ್ತದೆ?

ವರ್ಷಕ್ಕೊಮ್ಮೆ ಪಾಸ್ಕ, ಅಂದರೆ ಈಸ್ಟರ್ ಹಬ್ಬ ಮುಗಿದ ಮೇಲೆ ಕೂಟದವರು ಸೆಮಿನಾರ್ ನಡೆಸುತ್ತಿದ್ದರು. ಏಳು ಭಾನುವಾರ, ಚರ್ಚಿನ ಹಿಂದಿನ ಹಾಲಿನಲ್ಲಿ. ಬಂದವರನ್ನು ಸಣ್ಣ ಸಣ್ಣ ಗುಂಪು ಮಾಡಿ ಒಂದೊಂದಕ್ಕೆ ಒಬ್ಬ ಲೀಡರನ್ನು ಕೊಡುತ್ತಾರೆ. ಮೊದಲ ವಾರಗಳಲ್ಲಿ ದೇವರ ಪ್ರೀತಿ, ಪಾಪ, ರಕ್ಷಣೆ ಎಂದು ಪ್ರಸಂಗ. ಐದನೇ ವಾರ ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮರ ಅಭಿಷೇಕಕ್ಕಾಗಿ ಪ್ರಾರ್ಥನೆ. ಆಗ ಕೆಲವರು ಹಿಂದಕ್ಕೆ ಬೀಳುತ್ತಾರೆ, ಹಿಡಿದುಕೊಳ್ಳುವುದಕ್ಕೆಂದೇ ಇಬ್ಬರು ಹಿಂದೆ ನಿಂತಿರುತ್ತಾರೆ. ಏಳನೇ ವಾರ, ಪೆಂತೆಕೋಸ್ತ್ ಹಬ್ಬದ ದಿನ, ಸಾಕ್ಷಿ. ಏನು ಸಿಕ್ಕಿತು, ಏನು ವಾಸಿಯಾಯಿತು ಎಂದು ಮೈಕಿನಲ್ಲಿ ಹೇಳಬೇಕು. ಲೂರ್ದಮ್ಮ ಹಲವು ವರ್ಷಗಳಿಂದ ಲೀಡರು. ತನ್ನ ಗುಂಪಿಗೆ ಅವಳು ತಪ್ಪದೆ ಹೇಳುತ್ತಿದ್ದ ಒಂದು ಮಾತಿತ್ತು.

"ಕಣ್ಣಿಗೆ ಕಂಡ್ಮೇಲೆ ಯಾರ್ ಬೇಕಾದ್ರೂ ಹೇಳ್ತಾರೆ. ಕಾಣೋಕೆ ಮುಂಚೆ ಹೇಳ್ಬೇಕು, ಅದು ವಿಶ್ವಾಸ. ಮೊದ್ಲು ನಾಲಿಗೆ ಮೇಲೆ ವಾಸಿಯಾಗ್ಬೇಕು, ಆಮೇಲೆ ಮೈ ಮೇಲೆ."

ಇದನ್ನು ಅವಳಿಗೆ ಹೇಳಿಕೊಟ್ಟವರು ಕೂಟದ ಮುಖ್ಯಸ್ಥರಾದ ಜ್ಞಾನಪ್ರಕಾಶ್. ಬ್ಯಾಂಕಿನಿಂದ ರಿಟೈರಾದವರು, ಮೃದು ಮಾತಿನವರು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕುರ್ಚಿ ಜೋಡಿಸುವವರು. ಕೂಟದಲ್ಲಿ ಯಾರೂ ಮೋಸಗಾರರಲ್ಲ. ಮೋಸಗಾರರಾಗಿದ್ದರೆ ಬೈಯುವುದಾದರೂ ಸುಲಭವಾಗಿರುತ್ತಿತ್ತು. ಡಾಕ್ಟರ ಹತ್ತಿರ ಹೋಗಬೇಡಿ ಎಂದು ಅಲ್ಲಿ ಒಬ್ಬರೂ ಹೇಳಿದ್ದಿಲ್ಲ. ಫಾದರ್ ಅಂತೂ ಪ್ರತಿ ವರ್ಷ ಕೊನೆಗೆ ಬಂದು, ಔಷಧಿಯೂ ದೇವರು ಕೊಟ್ಟದ್ದೇ, ನಿಲ್ಲಿಸಬೇಡಿ ಎಂದು ಎಚ್ಚರಿಸಿ ಆಶೀರ್ವಾದ ಕೊಟ್ಟು ಹೋಗುತ್ತಿದ್ದರು.

ಆ ವರ್ಷ ಸೆಮಿನಾರಿನ ನಡುವೆ ಒಂದು ಮಧ್ಯಾಹ್ನ ಮದಲೇನಮ್ಮ, ಹುಕ್ಕು ಹಾಕುತ್ತಿದ್ದವಳು ಸೂಜಿ ನಿಲ್ಲಿಸಿ, ಎದೆಯಲ್ಲಿ ಗಂಟಿನ ಹಾಗೆ ಸಿಗುತ್ತಿದೆ ಎಂದಳು. ಲೂರ್ದಮ್ಮ ಹೆದರಿ ಅವತ್ತೇ ಹತ್ತಿರದ ಡಾಕ್ಟರಿಗೆ ತೋರಿಸಿದಳು. ಆತ ಸ್ಕ್ಯಾನು, ಸೂಜಿ ಟೆಸ್ಟು ಬರೆದುಕೊಟ್ಟು ತಡ ಮಾಡಬೇಡಿ ಎಂದರು. ಮನೆಗೆ ಬರುವ ದಾರಿಯಲ್ಲಿ ಲೂರ್ದಮ್ಮ ತಂಗಿಗೆ ಧೈರ್ಯ ಹೇಳಿದಳು. "ಐದನೇ ವಾರದ ಪ್ರಾರ್ಥನೆ ಒಂದಾಗ್ಲಿ ಮದ್ಲಿ. ಆಮೇಲೆ ಹೋಗೋಣ."

ತಂಗಿ ತಲೆಯಾಡಿಸಿದಳು. ಅವಳು ಯಾವತ್ತು ತಾನೆ ತಲೆಯಾಡಿಸಲಿಲ್ಲ?

ಐದನೇ ಭಾನುವಾರ ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದ. ಕಣ್ಣು ಮುಚ್ಚಿ ನಿಂತು, ಇಲ್ಲಿ ಒಬ್ಬ ಸಹೋದರಿಯ ಎದೆಯಲ್ಲಿ ಗಂಟಿದೆ, ಪ್ರಭು ಈಗ ಅದನ್ನು ಮುಟ್ಟುತ್ತಿದ್ದಾರೆ ಎಂದ. ಅಷ್ಟು ಹೆಂಗಸರಿರುವ ಹಾಲಿನಲ್ಲಿ ಈ ಮಾತು ಯಾರಿಗಾದರೂ ತಾಗಲೇಬೇಕು ಎಂದು ಲೂರ್ದಮ್ಮನಿಗೆ ಆಗ ಹೊಳೆಯಲಿಲ್ಲ. ತಂಗಿ ಹಿಂದಕ್ಕೆ ಬಿದ್ದಳು, ಹಿಂದಿದ್ದವರು ಹಿಡಿದು ಜಮಖಾನದ ಮೇಲೆ ಮಲಗಿಸಿದರು. ಎದ್ದ ಮೇಲೆ ಏನಾಯಿತೆಂದು ಅಕ್ಕ ಕೇಳಿದಳು. "ಎದೆಯೆಲ್ಲ ಬಿಸಿಯಾಯ್ತಕ್ಕಾ. ನೋವಿಲ್ಲ" ಎಂದಳು ಮದಲೇನಮ್ಮ. ನೋವು ಅದಕ್ಕೆ ಮುಂಚೆಯೂ ಇರಲಿಲ್ಲ. ಆ ಗಂಟಿಗೆ ಮೊದಮೊದಲು ನೋವೇ ಇರುವುದಿಲ್ಲವಂತೆ.

ಪೆಂತೆಕೋಸ್ತ್ ದಿನ ಸಾಕ್ಷಿಯ ಸರದಿ ಬಂದಾಗ ಯಾರೂ ಲೂರ್ದಮ್ಮನನ್ನು ದಬ್ಬಲಿಲ್ಲ. ಅವಳೇ ಎದ್ದು ಹೋಗಿ ಮೈಕು ಹಿಡಿದಳು. ವರ್ಷವರ್ಷವೂ ಬೇರೆಯವರಿಗೆ ಹೇಳಿಕೊಟ್ಟದ್ದನ್ನು ತಾನು ಮಾಡದಿದ್ದರೆ ಹೇಗೆ? ತಂಗಿಯ ಎದೆಯಲ್ಲಿ ಗಂಟಿತ್ತು, ಡಾಕ್ಟರು ಕೈಯಾರೆ ಮುಟ್ಟಿ ನೋಡಿದ್ದರು, ಇವತ್ತು ಅದು ಕರಗಿಹೋಗಿದೆ, ಕಾಣೋಕೆ ಮುಂಚೆ ಹೇಳೋದೇ ವಿಶ್ವಾಸ ಎಂದಳು. ಹಾಲೆಲ್ಲ ಎದ್ದು ನಿಂತು ಹಲ್ಲೆಲೂಯಾ ಎಂದಿತು. ಮುಂದಿನ ಸಾಲಿನಲ್ಲಿದ್ದ ಮದಲೇನಮ್ಮನನ್ನು ಹೆಂಗಸರು ಅಪ್ಪಿಕೊಂಡರು. ಯಾರೋ ವಿಡಿಯೋ ಮಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಮೊಬೈಲು ಇಲ್ಲದ ಕಾಲದಲ್ಲಿ. ಈ ಮಾತು ವಾರದೊಳಗೆ ಹಾರೋಬೆಲೆ, ಆನೇಕಲ್ಲಿನವರೆಗೂ ಹೋಯಿತು. ಅಂಗಡಿಗೆ ಬಂದವರು ರವಿಕೆ ಕೊಟ್ಟು ಸುಮ್ಮನೆ ಹೋಗುತ್ತಿರಲಿಲ್ಲ, ಮದಲೇನಮ್ಮನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

"ಸ್ಕ್ಯಾನ್ ಒಂದು ಮಾಡಿಸ್ಬಿಡೋಣ್ವಾ ಮದ್ಲಿ?" ಎಂದು ಲೂರ್ದಮ್ಮ ಒಮ್ಮೆ ಕೇಳಿದ್ದು ಸುಳ್ಳಲ್ಲ.

"ಯಾಕಕ್ಕಾ? ವಾಸಿಯಾಗಿದೆಯಲ್ಲ."

ನನಗಿಂತ ಇವಳ ವಿಶ್ವಾಸವೇ ದೊಡ್ಡದು ಎಂದು ಲೂರ್ದಮ್ಮನಿಗೆ ಹೆಮ್ಮೆಯಾಯಿತು. ಮತ್ತೆ ಕೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ರಂಗನಾಯಕಮ್ಮನವರು ಒಂದು ಸೀರೆ ವಾಪಸು ತಂದರು. ಫಾಲ್ಸು ಅರ್ಧಕ್ಕೆ ಬಿಚ್ಚಿಕೊಂಡಿತ್ತು. "ಏನ್ರೀ ಇದು, ನಿಮ್ಮಲ್ಲಿ ಹೀಗಾಗಲ್ವಲ್ಲ" ಎಂದರು. ನೋಡಿದರೆ ಹೊಲಿಗೆ ಉದ್ದುದ್ದ, ಸಡಿಲ. ಅವರು ಹೋದ ಮೇಲೆ ಲೂರ್ದಮ್ಮ ತಂಗಿಯ ಮೇಲೆ ಹರಿಹಾಯ್ದಳು. ಎಲ್ಲರೂ ಕೈ ಕಣ್ಣಿಗೊತ್ತಿಕೊಂಡು ತಲೆ ತಿರುಗಿದೆಯಾ, ಹೊಟ್ಟೆಗೆ ಅನ್ನ ಕೊಡೋ ಕೆಲಸ ಇದು, ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಮದಲೇನಮ್ಮ ಅಷ್ಟೂ ಬಿಚ್ಚಿ ಮತ್ತೆ ಹೊಲಿಯಲು ಕೂತಳು. ಬಲಗೈ ಮೇಲೆತ್ತಲು ಆಗದೆ ಮೊಣಕಾಲಿನ ಮೇಲಿಟ್ಟುಕೊಂಡು ಹೊಲಿಯುತ್ತಿದ್ದಳು. ಅಕ್ಕನಿಗೆ ಕಂಡದ್ದು ಬರೀ ಸೋಮಾರಿತನ.

ಕ್ರಿಸ್ಮಸ್ಸಿಗೆ ಎಷ್ಟೇ ಕೆಲಸವಿದ್ದರೂ ತಂಗಿಗೆ ಒಂದು ಹೊಸ ರವಿಕೆ ಹೊಲಿಯುವುದು ಲೂರ್ದಮ್ಮನ ಪದ್ಧತಿ. ಬಳೇಪೇಟೆಯಿಂದ ಒಳ್ಳೆಯ ಲೈನಿಂಗ್ ತಂದು, ಟೇಪು ಹಿಡಿದು ಕರೆದರೆ ಮದಲೇನಮ್ಮ ಎದ್ದು ಬರಲಿಲ್ಲ. "ಹಳೇ ಅಳತೇಲೇ ಹೊಲಿ ಅಕ್ಕಾ, ನಾನೇನು ಬದಲಾಗಿದೀನಾ" ಎಂದಳು. ಹೊಲಿದದ್ದಾಯಿತು. ಹಬ್ಬದ ಬೆಳಿಗ್ಗೆ ಸ್ನಾನ ಮುಗಿಸಿ ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಪೂಜೆಗೆ ಹೊತ್ತಾಯಿತೆಂದು ಲೂರ್ದಮ್ಮ ಬಾಗಿಲು ತಳ್ಳಿದರೆ, ಹೊಸ ರವಿಕೆಯ ತೋಳು ಬಲಗೈಯ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಕೈ ಬಾತು ಕುಂಬಳಕಾಯಿಯಾಗಿತ್ತು. ಎದೆಗೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ ನೋಡಿದಳು. ಅಲ್ಲಿ ಕಂಡದ್ದನ್ನು ಬರೆಯುವುದು ಬೇಡ. ವಾಸನೆ ಬಾರದಿರಲೆಂದು ಫಾಲ್ಸಿನ ಬಟ್ಟೆಯನ್ನು ಪದರ ಪದರ ಮಡಚಿ, ಪೌಡರು ಹಾಕಿ, ಸುತ್ತಲೂ ಹೊಲಿದು ಕಟ್ಟಿಕೊಂಡಿದ್ದಳು. ಆ ಪಟ್ಟಿಯ ಹೊಲಿಗೆ ಮಾತ್ರ ಎಲ್ಲೂ ಸಡಿಲವಿರಲಿಲ್ಲ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಬೈಯಲಿಲ್ಲ. "ಇಷ್ಟು ದಿನ ಏನ್ ಮಾಡ್ತಿದ್ರಿ ಅಮ್ಮಾ" ಎಂದಷ್ಟೇ ಕೇಳಿದರು. ವಾರ್ಡಿನಲ್ಲಿ ತಂಗಿಯ ಪಕ್ಕ ಕೂತು ಲೂರ್ದಮ್ಮ ಆ ಪ್ರಶ್ನೆಯನ್ನು ತಂಗಿಯ ಕಡೆ ತಿರುಗಿಸಿದಳು.

"ಯಾವಾಗಿಂದ ಇತ್ತೇ?"

"ಹೋಗೇ ಇರ್ಲಿಲ್ಲಕ್ಕಾ. ನೀನು ಮೈಕಲ್ಲಿ ಹೇಳಿದ ದಿನ ಬೆಳಿಗ್ಗೆ ಸ್ನಾನ ಮಾಡೋವಾಗ್ಲೂ ಸಿಕ್ತು. ಹೇಳೋಣ ಅಂತಾನೇ ಬಂದೆ. ಅಷ್ಟೊತ್ತಿಗೆ ನೀನು ಎದ್ದು ಹೋಗಿದ್ದೆ."

"ಆಮೇಲೆ ಹೇಳ್ಬಹುದಿತ್ತಲ್ಲ. ನನ್ಹತ್ರ ಒಬ್ಳ ಹತ್ರ ಹೇಳ್ಬಹುದಿತ್ತಲ್ಲ ಮದ್ಲಿ."

"ಅಷ್ಟು ಜನದ ಮುಂದೆ ಹೇಳ್ಬಿಟ್ಟಿದ್ದೆ. ನಿನ್ನ ಮಾತು ಸುಳ್ಳಾಗ್ಬಾರ್ದು ಅಂತ ನಾನೂ ದಿನಾ ಪ್ರಾರ್ಥನೆ ಮಾಡ್ತಾನೇ ಇದ್ದೆ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ದೂರಿರಲಿಲ್ಲ. ಒಂದಿಷ್ಟು ದೂರಿದ್ದರೆ ಲೂರ್ದಮ್ಮ ಬದುಕಿಕೊಳ್ಳುತ್ತಿದ್ದಳು. ಪ್ರಾರ್ಥನೆ ಸಾಕಾಗಲಿಲ್ಲವೇನೋ ಎಂದು ತಪ್ಪು ಮಾಡಿದವಳ ಹಾಗೆ ತಂಗಿಯೇ ಅಕ್ಕನ ಮುಖ ನೋಡುತ್ತಿದ್ದಳು.

ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮದಲೇನಮ್ಮ ತೀರಿಕೊಂಡಳು. ರೋಗ ಲಿವರಿಗೆ ಇಳಿದು ಕೊನೆಯ ದಿನಗಳಲ್ಲಿ ಕಣ್ಣು ಮೈಯೆಲ್ಲ ಹಳದಿಯಾಗಿತ್ತು. ಜ್ಞಾನಪ್ರಕಾಶ್ ಎಂದಿನಂತೆ ಮೊದಲು ಬಂದು ಕುರ್ಚಿ ಜೋಡಿಸಿದರು, ಕೂಟದವರು ಸಮಾಧಿಯವರೆಗೆ ಹಾಡುತ್ತ ಬಂದರು. ಕಾಮಾಲೆಯಾಗಿ ಹೋದಳಂತೆ ಎಂಬ ಮಾತು ಆ ಮೆರವಣಿಗೆಯಲ್ಲೇ ಹುಟ್ಟಿತು. ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಎಲ್ಲರಿಗೂ ಆ ಮಾತು ಅನುಕೂಲವಾಯಿತು. ಗಂಟು ವಾಸಿಯಾದದ್ದು ವಾಸಿಯಾಗಿಯೇ ಉಳಿಯಿತು, ಕಾಮಾಲೆ ಬೇರೆ ಲೆಕ್ಕಕ್ಕೆ ಹೋಯಿತು. ಫಾದರ್ ಒಬ್ಬರೇ ಬಂದು, ಸ್ಕ್ಯಾನ್ ಮಾಡಿಸಿದ್ದೀರೆಂದುಕೊಂಡಿದ್ದೆ ಅಮ್ಮ ಎಂದು ತಲೆತಗ್ಗಿಸಿ ಕೂತಿದ್ದು ಹೋದರು. ಲೂರ್ದಮ್ಮ ಭಾನುವಾರದ ಪೂಜೆ ಬಿಡಲಿಲ್ಲ. ಕೂಟಕ್ಕೆ ಮಾತ್ರ ಹೋಗಲಿಲ್ಲ.

ಪಾಸ್ಕ ಕಳೆದು ಮತ್ತೆ ಸೆಮಿನಾರ್ ಶುರುವಾಯಿತು. ಆರನೇ ವಾರವಾದ ಮೇಲೆ ಸಹಾಯಮೇರಿ ಎಂಬ ಹುಡುಗಿ ಅಂಗಡಿಗೆ ಬಂದಳು. ಗವಿಪುರದ ಕಡೆಗೆ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬರುವ ಭಾನುವಾರಕ್ಕೆ ರವಿಕೆ ಬೇಕಿತ್ತು. ಎದೆಯ ಸುತ್ತ ಟೇಪು ತರುವಾಗ ಹುಡುಗಿ ಥಟ್ಟನೆ ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡಳು. ಲೂರ್ದಮ್ಮನ ಕೈ ನಿಂತಿತು.

"ಏನಮ್ಮಾ ಅಲ್ಲಿ?"

ಸಹಾಯಮೇರಿ ನಕ್ಕಳು. "ಗಂಟಿತ್ತಕ್ಕಾ. ಹೋದ ಹಿಂದಿನ ಭಾನುವಾರ ಪ್ರಾರ್ಥನೇಲಿ ಪ್ರಭು ಮುಟ್ಟಿದ್ರು. ಈ ಭಾನುವಾರ ನಂದೂ ಸಾಕ್ಷಿ ಇದೆ. ನಿಮ್ದು ನೋಡೇ ಅಕ್ಕಾ ನಂಗೆ ಧೈರ್ಯ ಬಂದಿದ್ದು" ಎಂದು ಮೊಬೈಲು ತೆಗೆದು ತೋರಿಸಿದಳು.

ವಿಡಿಯೋದಲ್ಲಿ ಲೂರ್ದಮ್ಮ ಮೈಕು ಹಿಡಿದು ನಿಂತಿದ್ದಳು. ಮುಂದಿನ ಸಾಲಿನಲ್ಲಿ ಮದಲೇನಮ್ಮ. ಸುತ್ತಲಿದ್ದವರೆಲ್ಲ ಎರಡೂ ಕೈ ಎತ್ತಿದ್ದರು. ಅವಳು ಒಂದೇ ಕೈ ಎತ್ತಿದ್ದಳು, ಇನ್ನೊಂದನ್ನು ಪಕ್ಕೆಗೆ ಒತ್ತಿಕೊಂಡಿದ್ದಳು. ಮೈಕಿನ ಹಿಂದಿನಿಂದ ಲೂರ್ದಮ್ಮನಿಗೆ ಅವತ್ತು ಹಾಲೆಲ್ಲ ಕಂಡಿತ್ತು, ಆ ಕೈ ಕಂಡಿರಲಿಲ್ಲ.

"ಅವ್ಳು ಸತ್ತೋದ್ಲಮ್ಮಾ."

"ಗೊತ್ತಕ್ಕಾ, ಪಾಪ. ಕಾಮಾಲೆ ಆಗಿತ್ತಂತಲ್ಲ, ಜ್ಞಾನಪ್ರಕಾಶ್ ಬ್ರದರ್ ಹೇಳಿದ್ರು."

ಕಾಮಾಲೆಯಲ್ಲ, ಆ ಗಂಟೇ ಎಂದು ಲೂರ್ದಮ್ಮ ಬಿಡಿಸಿ ಹೇಳಿದಳು. ನಾಳೆಯೇ ಡಾಕ್ಟರಿಗೆ ತೋರಿಸೋಣ ಎಂದು ಕೈ ಹಿಡಿದಳು. ಹುಡುಗಿಯ ಮುಖದ ನಗು ಆರಿತು. ಕೈ ಬಿಡಿಸಿಕೊಂಡು, "ಕಾಣೋಕೆ ಮುಂಚೆ ಹೇಳೋದೇ ವಿಶ್ವಾಸ ಅಂತ ನೀವೇ ಹೇಳಿದೀರಲ್ಲಕ್ಕಾ ಇದ್ರಲ್ಲಿ" ಎಂದು ಮೊಬೈಲು ಎತ್ತಿ ತೋರಿಸಿ ಹೊರಟುಹೋದಳು.

ಭಾನುವಾರ ಲೂರ್ದಮ್ಮ ಹಾಲಿಗೆ ಹೋದಳು. ಅವಳನ್ನು ಕಂಡು ಎಲ್ಲರಿಗೂ ಸಂತೋಷ. ಸಾಕ್ಷಿಗೆ ಕರೆದಾಗ ಅವಳೇ ಮೊದಲು ಎದ್ದಳು, ಜ್ಞಾನಪ್ರಕಾಶ್ ಮೈಕನ್ನು ಎರಡೂ ಕೈಯಲ್ಲಿ ಕೊಟ್ಟರು. ಹೋದ ವರ್ಷ ಇಲ್ಲಿ ನಿಂತು ನಾನು ಹೇಳಿದ್ದು ಸುಳ್ಳು ಎಂದಳು. ಗಂಟು ಕರಗಿರಲಿಲ್ಲ, ನನ್ನ ಮಾತು ಉಳಿಸುವುದಕ್ಕೆ ತಂಗಿ ಅದನ್ನು ಬಚ್ಚಿಟ್ಟುಕೊಂಡು ಸತ್ತಳು, ಕಾಮಾಲೆಯಿಂದಲ್ಲ, ನನ್ನಿಂದ, ಎಂದಳು. ಯಾರಿಗಾದರೂ ಗಂಟಿದ್ದರೆ ದಯವಿಟ್ಟು ನಾಳೆ ಆಸ್ಪತ್ರೆಗೆ ಹೋಗಿ, ಸಾಕ್ಷಿ ಆಮೇಲೆ ಹೇಳಬಹುದು, ಎನ್ನುವಷ್ಟರಲ್ಲಿ ಜ್ಞಾನಪ್ರಕಾಶ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳ ಕೈಯಿಂದ ಮೈಕು ತೆಗೆದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ದುಃಖದಲ್ಲಿ ನೊಂದಿರೋ ನಮ್ಮ ಸಿಸ್ಟರಿಗಾಗಿ ಎಲ್ರೂ ಕೈ ಚಾಚಿ ಪ್ರಾರ್ಥಿಸೋಣ. ಪ್ರೈಸ್ ದ ಲಾರ್ಡ್."

"ಹಲ್ಲೆಲೂಯಾ" ಎಂದಿತು ಹಾಲು, ಅಭ್ಯಾಸದಂತೆ.

ಕೀಬೋರ್ಡು ಶುರುವಾಯಿತು. ಅಷ್ಟೂ ಕೈಗಳು ಅವಳ ಕಡೆ ಚಾಚಿದವು. ಬಿದ್ದರೆ ಹಿಡಿಯಲು ಇಬ್ಬರು ಬಂದು ಅವಳ ಹಿಂದೆ ನಿಂತರು. ಲೂರ್ದಮ್ಮ ಬೀಳಲಿಲ್ಲ. ಅವಳು ಇಳಿದು ಬಂದ ಮೇಲೆ ಸಹಾಯಮೇರಿ ಮೈಕಿಗೆ ಹೋದಳು. ನನ್ನ ಗಂಟು ಕರಗಿದೆ ಎಂದು ಹೇಳಿಯೇ ಹೇಳಿದಳು. ಅವಳ ಗಂಡ ಎದ್ದು ನಿಂತು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದ. ವಾಪಸು ಬಂದು ಕೂರುವಾಗ ಹುಡುಗಿಯ ಕೈ ತಾನಾಗಿಯೇ ಸೆರಗಿನೊಳಗೆ ಹೋಗಿ ಪಕ್ಕೆಯನ್ನು ಮುಟ್ಟಿ ನೋಡಿತು. ಲೂರ್ದಮ್ಮ ಅದನ್ನು ನೋಡಿದಳು. ತಾನು ಮೈಕಿನಲ್ಲಿ ಏನು ಹೇಳಿದರೂ ಇನ್ನು ಪ್ರಯೋಜನವಿಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಈ ಹುಡುಗಿ ಡಾಕ್ಟರಿಗೆ ಹೆದರುತ್ತಿಲ್ಲ. ಗಂಡನ ಆ ಚಪ್ಪಾಳೆಗೆ ಹೆದರುತ್ತಾಳೆ.

ಗೇಟಿನ ಹತ್ತಿರ ಗಂಡ ಸ್ಕೂಟರು ತರಲು ಹೋದಾಗ ಲೂರ್ದಮ್ಮ ಅವಳ ಪಕ್ಕಕ್ಕೆ ಬಂದು ನಿಂತಳು.

"ಇನ್ನೂ ಸಿಗತ್ತೆ ಅಲ್ವಾ?"

ಹುಡುಗಿ ನೆಲ ನೋಡಿದಳು.

"ನಾಳೆ ಬೆಳಿಗ್ಗೆ ಬಾ. ಹಳೇ ರವಿಕೆ ಸರಿ ಮಾಡಿಸ್ಬೇಕು ಅಂತ ಮನೇಲಿ ಹೇಳ್ಬಾ. ಯಾರಿಗೂ ಗೊತ್ತಾಗಲ್ಲ, ನಿನ್ನ ಸಾಕ್ಷಿ ನಿಂಗಿರ್ಲಿ."

"ಗಂಟು ಇದ್ಬಿಟ್ರೆ ಅಕ್ಕಾ? ಎಲ್ರ ಮುಂದೆ ಹೇಳ್ಬಿಟ್ಟಿದೀನಿ. ನಾನು ಸುಳ್ಳಿ ಆಗಲ್ವಾ?"

"ಆಗಲ್ಲ. ವಾಸಿಯಾಗಿತ್ತು, ಲೂರ್ದಮ್ಮ ಬಂದು ಮೈಕಲ್ಲಿ ಅವಿಶ್ವಾಸದ ಮಾತಾಡಿದ್ಲು, ಅದಕ್ಕೆ ವಾಪಸ್ ಬಂತು ಅಂತ ಹೇಳು. ನಂಬ್ತಾರೆ. ಈಗ್ಲೇ ಅರ್ಧ ಜನ ಹಾಗೆ ಅನ್ಕೊಂಡಿದಾರೆ."

ಸಹಾಯಮೇರಿ ಮರುದಿನ ರವಿಕೆಯ ಚೀಲ ಹಿಡಿದುಕೊಂಡು ಬಂದಳು. ಇಬ್ಬರೂ ಅದೇ ಚೀಲದೊಂದಿಗೆ ಆಟೋ ಹತ್ತಿದರು. ಸೂಜಿ ಟೆಸ್ಟಿನಲ್ಲಿ ಅದೇ ಬಂತು. ಆದರೆ ಹೊತ್ತು ಮೀರಿರಲಿಲ್ಲ. ಆಪರೇಷನ್ ಆಯಿತು, ಕೂದಲು ಉದುರುವ ಇಂಜೆಕ್ಷನ್ನುಗಳೂ ಆದವು.

ಹುಡುಗಿ ಮನೆಯಲ್ಲಿ ಏನು ಹೇಳಿದಳೋ, ಲೂರ್ದಮ್ಮ ಹೇಳಿಕೊಟ್ಟಿದ್ದನ್ನು ಒಂದಕ್ಷರವೂ ಬಿಟ್ಟಿರಲಾರಳು. ಆ ಬಾಯಿಯಿಂದ ಈ ಬಾಯಿಗೆ ಮಾತು ಹರಡಿ, ಚರ್ಚಿನ ಕಡೆಯ ರವಿಕೆಗಳು ಒಂದೊಂದಾಗಿ ಅಂಗಡಿಗೆ ಬರುವುದು ನಿಂತಿತು. ಲೂರ್ದಮ್ಮನ ಕಣ್ಣು ಬಿದ್ದರೆ ದೇವರು ಕೊಟ್ಟದ್ದೂ ವಾಪಸು ಹೋಗುತ್ತದೆ ಎಂದರಂತೆ. ಹಿಂದೆ ಮದಲೇನಮ್ಮನ ಕೈಯನ್ನು ಕಣ್ಣಿಗೊತ್ತಿಕೊಂಡಿದ್ದವರೇ ಅಂದದ್ದು. ಹಳೆಯ ವಿಡಿಯೋ ಮಾತ್ರ ಇನ್ನೂ ಓಡಾಡುತ್ತಿದೆ, ಸಹಾಯಮೇರಿಯದೂ ಅದರ ಜೊತೆಗೆ. ರಂಗನಾಯಕಮ್ಮನವರು ಎಂದಿನಂತೆ ಆಟೋ ಮಾಡಿಕೊಂಡು ಬರುತ್ತಾರೆ. ಹುಕ್ಕು, ಕಾಜ, ಫಾಲ್ಸು ಎಲ್ಲವನ್ನೂ ಈಗ ಲೂರ್ದಮ್ಮ ಒಬ್ಬಳೇ ಮಾಡಬೇಕು.

ಮೊನ್ನೆ ಭಾನುವಾರ ಪೂಜೆಯಲ್ಲಿ ಸಹಾಯಮೇರಿ ಗಂಡನ ಜೊತೆ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ತಲೆಯಲ್ಲಿ ಬೆರಳುದ್ದ ಕೂದಲು ಚಿಗುರಿತ್ತು. ಒಮ್ಮೆ ತಿರುಗಿ ಲೂರ್ದಮ್ಮನನ್ನು ಕಂಡವಳು, ಗಂಡ ನೋಡುವ ಮುಂಚೆ ಮುಖ ತಿರುಗಿಸಿಕೊಂಡಳು. ಬೇರೆ ಯಾರೋ ಹೊಲಿದ ರವಿಕೆ ಹಾಕಿದ್ದಳು. ಕೈ ಜೋಡಿಸಿದಾಗಲೆಲ್ಲ ಅದು ಕಂಕುಳಲ್ಲಿ ಹಿಡಿಯುತ್ತಿತ್ತು. ಹಿಡಿಯಲಿ, ಹಾಕಿಕೊಳ್ಳುವುದಕ್ಕೆ ಅವಳು ಇದ್ದಾಳಲ್ಲ ಎಂದುಕೊಂಡು ಲೂರ್ದಮ್ಮ ಮೊಣಕಾಲೂರಿದಳು.